ಏಕಸ್ಫಟಿಕ ಬ್ಲೇಡ್ ಎರಕದಲ್ಲಿ ಫ್ರೆಕಲ್: ಎಳೆತದ ವೇಗ ಏರಿಸಿದರೆ ಸಾಕೇ?

ಕುಲುಮೆಬಾಯಿ
ಟರ್ಬೈನ್ ಬ್ಲೇಡ್ ಎರಕ, ಇಡೀ ಬ್ಲೇಡ್ ಒಂದೇ ಸ್ಫಟಿಕವಾಗಿ ಬೆಳೆಯಬೇಕು. ನಿಕ್ಕಲ್ ಸೂಪರ್‌ಅಲಾಯ್, ಎರಡನೇ ತಲೆಮಾರಿನದು, ರೀನಿಯಂ 3 %. ಬ್ರಿಜ್‌ಮನ್ ಕುಲುಮೆ (ಅಚ್ಚನ್ನು ಬಿಸಿ ವಲಯದಿಂದ ಮೆಲ್ಲಗೆ ಕೆಳಕ್ಕೆ ಎಳೆಯುವಂಥದ್ದು), ಕೆಳಗೆ ನೀರು ಹರಿಯುವ ತಾಮ್ರದ ಚಿಲ್ ಪ್ಲೇಟ್, ಎಳೆತ ನಿಮಿಷಕ್ಕೆ 3 ಮಿ.ಮೀ., ತಾಪದ ಗ್ರೇಡಿಯೆಂಟ್ ಅಂದಾಜು ಮಿ.ಮೀ.ಗೆ 2.5 ಡಿಗ್ರಿ. ಏರ್‌ಫಾಯಿಲ್ (ಬ್ಲೇಡಿನ ತೆಳು ರೆಕ್ಕೆ) ಭಾಗ ಸ್ವಚ್ಛ. ರೂಟ್‌ನ (ಡಿಸ್ಕ್‌ಗೆ ಸಿಕ್ಕಿಸುವ ಬುಡ) ದಪ್ಪ ಭಾಗದಲ್ಲಿ, ಅದೂ ಹೊರಮೈಯ ಮೂಲೆಗಳಲ್ಲಿ, ಎಚಿಂಗ್ ಆದಮೇಲೆ ಸಣ್ಣ ಗ್ರೇನ್‌ಗಳ ಸಾಲು ಕಾಣುತ್ತದೆ. ಮೂರು ಪ್ರಶ್ನೆ:
ಇದು ಫ್ರೆಕಲ್ಲೇ (ಗಟ್ಟಿಯಾಗುವಾಗ ಒಳಗಿನ ದ್ರವ ಹರಿದು ಉಳಿಸುವ ಸಣ್ಣ ಗ್ರೇನ್‌ಗಳ ಸಾಲು) ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ವೇಗವನ್ನು 3ರಿಂದ 6ಕ್ಕೆ ಏರಿಸಿದರೆ ಹೋಗುತ್ತದೆಯೇ? ಹರಿವನ್ನು ಕಣ್ಣಾರೆ ತೋರಿಸುವಂಥ ಪಾರದರ್ಶಕ ಪ್ರಯೋಗ ಕಾಲೇಜು ಲ್ಯಾಬ್‌ನಲ್ಲಿ ಸಾಧ್ಯವೇ?

ಎಚಿಂಗ್‌ತಟ್ಟೆ
ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಶೆಲ್ (ಸೆರಾಮಿಕ್ ಅಚ್ಚು) ಒಡೆದು, ಮರಳು ಬ್ಲಾಸ್ಟ್ ಮಾಡಿ, ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣದಲ್ಲಿ ಮ್ಯಾಕ್ರೋ ಎಚ್ ಮಾಡಿ. (ಮಿಶ್ರಣವನ್ನು ಆಗಿಂದಾಗಲೇ ತಯಾರಿಸಿ. ಉಳಿದದ್ದನ್ನು ಮುಚ್ಚಳ ಬಿಗಿದು ಇಟ್ಟರೆ ಅನಿಲ ತುಂಬಿ ಬಾಟಲಿ ಸಿಡಿಯುತ್ತದೆ.) ಆಮೇಲೆ ನೋಡಬೇಕಾದ್ದು ಸಾಲಿನ ದಿಕ್ಕು. ಎರಕ ಹೊಯ್ದಾಗ ಯಾವುದು ಮೇಲೆ, ಯಾವುದು ಕೆಳಗೆ ಇತ್ತೋ ಆ ಲಂಬ ದಿಕ್ಕಿಗೆ ಸಾಲು ಸಮಾನಾಂತರವಾಗಿದ್ದರೆ ಫ್ರೆಕಲ್. ಡೆಂಡ್ರೈಟ್ (ಮರದಂತೆ ಕವಲೊಡೆದು ಬೆಳೆಯುವ ಹರಳು) ಹತ್ತು ಡಿಗ್ರಿ ವಾಲಿ ಬೆಳೆದಿರಲಿ, ಫ್ರೆಕಲ್ ವಾಲುವುದಿಲ್ಲ. ಅದಕ್ಕೆ ಗುರುತ್ವ ಗೊತ್ತು, ಸ್ಫಟಿಕದ ದಿಕ್ಕು ಗೊತ್ತಿಲ್ಲ.

ಒಂದೇ ಉದ್ದನೆಯ ಗ್ರೇನ್, ಸುತ್ತಲಿನದಕ್ಕಿಂತ ಸ್ವಲ್ಪ ತಿರುಗಿದ ದಿಕ್ಕು: ಅದು ಸ್ಲಿವರ್. ಪ್ಲಾಟ್‌ಫಾರ್ಮ್ (ರೂಟ್ ಮತ್ತು ಏರ್‌ಫಾಯಿಲ್ ನಡುವಿನ ಚಾಚು) ಅಂಚಿನಿಂದ ಹುಟ್ಟಿ ಅಗಲವಾಗಿ ಹರಡಿದ ಗ್ರೇನ್: ಅದು ಸ್ಟ್ರೇ. ಫ್ರೆಕಲ್‌ನಲ್ಲಿ ಸಣ್ಣ ಗ್ರೇನ್‌ಗಳು ಒಂದೊಂದೂ ಒಂದೊಂದು ದಿಕ್ಕಿಗೆ ತಿರುಗಿ ಸರಪಳಿಯಂತೆ ಕೂತಿರುತ್ತವೆ. ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಜಾಗದಲ್ಲಿ ಗಾಮಾ–ಗಾಮಾ ಪ್ರೈಮ್ ಯೂಟೆಕ್ಟಿಕ್ (ಕೊನೆಗೆ ಗಟ್ಟಿಯಾಗುವ ಮಿಶ್ರಣ) ಹೆಚ್ಚು, ರಂಧ್ರಗಳೂ ಹೆಚ್ಚು. ಅನುಮಾನ ಇದ್ದರೆ ಇಡಿಎಸ್ (ಎಕ್ಸ್-ರೇಯಿಂದ ಧಾತುಗಳನ್ನು ಅಳೆಯುವ ವಿಧಾನ) ಹಾಕಿ: ಅಲ್ಯೂಮಿನಿಯಂ, ಟೈಟೇನಿಯಂ, ಟ್ಯಾಂಟಲಂ ಏರಿರಬೇಕು, ರೀನಿಯಂ, ಟಂಗ್‌ಸ್ಟನ್ ಇಳಿದಿರಬೇಕು.

ದ್ರವಗತಿ
ಅದು ಯಾಕೆ ಹಾಗೆ ಎಂಬುದನ್ನು ಹೇಳದೆ ವೇಗದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ಪೂರ್ತಿ ದ್ರವ ಮೇಲೆ, ಪೂರ್ತಿ ಘನ ಕೆಳಗೆ, ನಡುವೆ ಡೆಂಡ್ರೈಟ್ ಕಾಡು. ಈ ಅರೆಗಟ್ಟಿ ಪದರದಲ್ಲಿ ಡೆಂಡ್ರೈಟ್‌ಗಳ ಸಂದಿಯಲ್ಲಿ ಇನ್ನೂ ದ್ರವ ಇದೆ. ರೀನಿಯಂ, ಟಂಗ್‌ಸ್ಟನ್ ಡೆಂಡ್ರೈಟ್‌ನ ತಿರುಳಿಗೆ ಹೋಗಿ ಕೂರುತ್ತವೆ; ಅಲ್ಯೂಮಿನಿಯಂ, ಟೈಟೇನಿಯಂ ಸಂದಿಯ ದ್ರವಕ್ಕೆ ತಳ್ಳಲ್ಪಡುತ್ತವೆ. ಭಾರದ್ದು ಘನದಲ್ಲಿ ಉಳಿಯಿತು, ಹಗುರದ್ದು ದ್ರವದಲ್ಲಿ. ಪದರದಲ್ಲಿ ಕೆಳಕೆಳಗೆ ಹೋದಷ್ಟೂ ಸಂದಿಯ ದ್ರವ ಹೆಚ್ಚು ಹಗುರ. ಅಂದರೆ ತಣ್ಣಗಿದ್ದರೂ ಹಗುರವಾದ ದ್ರವದ ಮೇಲೆ ಭಾರದ ದ್ರವ ಕೂತಿದೆ. ಕೆಳಗಿನಿಂದ ತಂಪು ಮಾಡುತ್ತಿರುವುದರಿಂದ ತಾಪದ ಲೆಕ್ಕದಲ್ಲಿ ಇದು ಸ್ಥಿರ, ಸಂಯೋಜನೆಯ ಲೆಕ್ಕದಲ್ಲಿ ಅಸ್ಥಿರ. ಎರಡನೆಯದು ಗೆದ್ದರೆ ಹರಿವು ಶುರು.

ಈಗ ಮುಖ್ಯ ಮಾತು. ಕರಗಿದ ಲೋಹದಲ್ಲಿ ತಾಪ ಹರಡುವ ವೇಗ, ಅಲ್ಯೂಮಿನಿಯಂನಂಥ ಘಟಕ ಹರಡುವ ವೇಗಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹಾಗಾಗಿ ಕೆಳಗಿನಿಂದ ಮೇಲೆದ್ದ ಹಗುರ ದ್ರವ ದಾರಿಯಲ್ಲಿ ಸುತ್ತಲಿನ ಬಿಸಿಯನ್ನು ಥಟ್ಟನೆ ಪಡೆಯುತ್ತದೆ, ಆದರೆ ತನ್ನ ಸಂಯೋಜನೆಯನ್ನು ಹಾಗೇ ಉಳಿಸಿಕೊಳ್ಳುತ್ತದೆ. ಆ ಸಂಯೋಜನೆಗೆ ಆ ತಾಪದಲ್ಲಿ ಗಟ್ಟಿಯಾಗಲು ಸಾಧ್ಯವಿಲ್ಲ. ಬದಲಿಗೆ ಪಕ್ಕದ ಡೆಂಡ್ರೈಟ್ ತೋಳುಗಳನ್ನೇ ಕರಗಿಸುತ್ತದೆ. ದಾರಿ ಅಗಲವಾಯಿತು, ತಡೆ ಕಡಿಮೆಯಾಯಿತು, ಹರಿವು ಇನ್ನೂ ಜೋರಾಯಿತು. ಅನ್ನ ಇಂಗುವಾಗ ಪಾತ್ರೆಯ ಮೇಲ್ಮೈಯಲ್ಲಿ ಬೀಳುವ ತೂತುಗಳನ್ನು ನೆನಪಿಸಿಕೊಳ್ಳಿ, ನೋಟ ಸುಮಾರು ಹಾಗೇ (ಅಲ್ಲಿ ತಳ್ಳುವುದು ಆವಿ, ಇಲ್ಲಿ ತೇಲುಬಲ, ಅಷ್ಟು ವ್ಯತ್ಯಾಸ). ಬುಡ ಕರಗಿ ಕಳಚಿದ ತೋಳುಗಳೇ ಎಚಿಂಗ್‌ತಟ್ಟೆಯವರು ಹೇಳಿದ ದಿಕ್ಕಾಪಾಲಾದ ಗ್ರೇನ್‌ಗಳು.

1970ರಲ್ಲಿ ಕಾಪ್ಲಿ, ಜಿಯಾಮಿ, ಜಾನ್ಸನ್ ಮತ್ತು ಹಾರ್ನ್‌ಬೆಕರ್ ಇದನ್ನು ಅಮೋನಿಯಂ ಕ್ಲೋರೈಡ್ ದ್ರಾವಣದಲ್ಲಿ ನೇರವಾಗಿ ನೋಡಿ ಬರೆದರು. ಅಲ್ಲಿಂದ ಫ್ರೆಕಲ್ ಅಂದರೆ ಹರಿವಿನ ದೋಷ ಎಂಬುದು ಇತ್ಯರ್ಥ. ಸೀಡ್ (ಬೀಜಹರಳು), ಸೆಲೆಕ್ಟರ್ (ಒಂದೇ ಗ್ರೇನ್ ಮುಂದೆ ಬಿಡುವ ಕಿರುದಾರಿ) ಬದಲಿಸಿ ಇದನ್ನು ಓಡಿಸಲು ಆಗುವುದಿಲ್ಲ.

ಬಿಸಿಕಬ್ಬಿಣ
ಇಷ್ಟೆಲ್ಲ ಯಾಕೆ? ವೇಗ ಏರಿಸಿ, ಡೆಂಡ್ರೈಟ್ ಒತ್ತೊತ್ತಾಗುತ್ತೆ, ಹರಿವು ನಿಲ್ಲುತ್ತೆ. ಮುಗೀತು.

ಲೆಕ್ಕಿಗ
ಮುಗಿಯಲಿಲ್ಲ. ಲೆಕ್ಕ ಹಾಕಿ ನೋಡಿ.

ಮೊದಲ ದರ್ಜೆಯ ಡೆಂಡ್ರೈಟ್ ಅಂತರ (ಮುಖ್ಯ ಕಾಂಡಗಳ ನಡುವಿನ ದೂರ) ಗ್ರೇಡಿಯೆಂಟ್‌ನ ವರ್ಗಮೂಲಕ್ಕೆ ವಿಲೋಮ, ವೇಗದ ನಾಲ್ಕನೇ ಮೂಲಕ್ಕೆ ವಿಲೋಮ. ಪರ್ಮಿಯಬಿಲಿಟಿ (ಸಂದಿಗಳಲ್ಲಿ ದ್ರವ ಎಷ್ಟು ಸರಾಗವಾಗಿ ಹಾಯುತ್ತದೆ ಎಂಬುದು) ಅಂತರದ ವರ್ಗಕ್ಕೆ ಅನುಪಾತ. ಹರಿವಿಗೆ ಸಿಗುವ ಎತ್ತರ, ಅಂದರೆ ಅರೆಗಟ್ಟಿ ಪದರದ ದಪ್ಪ, ಗ್ರೇಡಿಯೆಂಟ್‌ಗೆ ವಿಲೋಮ. ಅರೆಗಟ್ಟಿ ಪದರದ ರೇಲೀ ಸಂಖ್ಯೆ (ಹೆಚ್ಚಿದಷ್ಟೂ ಹರಿವು ಸುಲಭ) ಎಂದರೆ ಸಾಂದ್ರತೆಯ ಸಾಪೇಕ್ಷ ವ್ಯತ್ಯಾಸ, ಗುರುತ್ವ, ಪರ್ಮಿಯಬಿಲಿಟಿ, ಎತ್ತರ ಇವುಗಳ ಗುಣಲಬ್ಧವನ್ನು ಉಷ್ಣ ವಿಸರಣಾಂಕ ಮತ್ತು ಸ್ನಿಗ್ಧತೆಗಳ ಗುಣಲಬ್ಧದಿಂದ ಭಾಗಿಸಿದ್ದು. ಎಲ್ಲ ಕೂಡಿಸಿದರೆ ರೇಲೀ ಸಂಖ್ಯೆ ಗ್ರೇಡಿಯೆಂಟ್‌ನ ವರ್ಗಕ್ಕೆ ವಿಲೋಮ, ವೇಗದ ವರ್ಗಮೂಲಕ್ಕೆ ಮಾತ್ರ ವಿಲೋಮ.

ವೇಗ 3ರಿಂದ 6ಕ್ಕೆ: ರೇಲೀ 0.71 ಪಟ್ಟು.
ಗ್ರೇಡಿಯೆಂಟ್ 2.5ರಿಂದ 5ಕ್ಕೆ: ರೇಲೀ 0.25 ಪಟ್ಟು.

ಗ್ರೇಡಿಯೆಂಟ್ ಇಮ್ಮಡಿಯಾದಾಗ ಸಿಗುವ ಲಾಭವನ್ನು ವೇಗ ಒಂದರಿಂದಲೇ ಪಡೆಯಬೇಕೆಂದರೆ ವೇಗ 16 ಪಟ್ಟು ಆಗಬೇಕು, ನಿಮಿಷಕ್ಕೆ 48 ಮಿ.ಮೀ. ಆ ವೇಗದಲ್ಲಿ ಏಕಸ್ಫಟಿಕ ಬೆಳೆಯುವ ಮಾತು ಮರೆತುಬಿಡಿ.

ಬಿಸಿಕಬ್ಬಿಣ
ಸರಿ, ಒಪ್ಪಿದೆ. ಆದರೂ 0.71 ಅಂದರೆ ಸೊನ್ನೆ ಅಲ್ಲವಲ್ಲ? ಅಂಚಿನಲ್ಲಿರುವ ಕೇಸಿಗೆ ಅಷ್ಟೇ ಸಾಕಾಗಬಹುದು.

ಬ್ಯಾಫಲ್‌ಕೆಳಗೆ
ಗ್ರೇಡಿಯೆಂಟ್ ಹಾಗೇ ಉಳಿದರೆ ತಾನೆ 0.71? ಬ್ರಿಜ್‌ಮನ್‌ನಲ್ಲಿ ಅದು ಉಳಿಯುವುದಿಲ್ಲ. ಚಿಲ್ ಪ್ಲೇಟ್‌ನ ಪ್ರಭಾವ ಕೆಳಗಿನ ಕೆಲವು ಸೆಂಟಿಮೀಟರಿಗಷ್ಟೇ. ಅದರ ಮೇಲೆ ಶಾಖ ಹೊರಹೋಗುವುದು ಶೆಲ್‌ನ ಮೈಯಿಂದ ವಿಕಿರಣದ ಮೂಲಕ. ಅದಕ್ಕೊಂದು ಮಿತಿಯಿದೆ. ವೇಗ ಏರಿಸಿದರೆ ಘನೀಕರಣದ ಮುಂಚೂಣಿ ಬ್ಯಾಫಲ್‌ಗಿಂತ (ಕುಲುಮೆಯ ಬಿಸಿ, ತಂಪು ವಲಯಗಳ ನಡುವಿನ ತಡೆ) ಕೆಳಕ್ಕೆ ಜಾರುತ್ತದೆ. ಆಗ ಶಾಖ ಅಡ್ಡಕ್ಕೆ ಹೋಗತೊಡಗಿ ಹೊರಮೈ ಮೊದಲು, ನಡುಭಾಗ ಆಮೇಲೆ ತಣಿಯುತ್ತದೆ; ಮುಂಚೂಣಿ ಬಟ್ಟಲಿನಂತೆ ಬಾಗುತ್ತದೆ. ಮಟ್ಟವಾದ ಮುಂಚೂಣಿಗಿಂತ ವಾಲಿದ ಮುಂಚೂಣಿಯಲ್ಲಿ ಹರಿವು ಸುಲಭವಾಗಿ ಶುರುವಾಗುತ್ತದೆ. ಜೊತೆಗೆ ಪ್ಲಾಟ್‌ಫಾರ್ಮ್ ಅಂಚು ಅತಿಯಾಗಿ ತಣಿದು ಸ್ಟ್ರೇ ಗ್ರೇನ್ ಹುಟ್ಟುತ್ತದೆ. ಫ್ರೆಕಲ್ ಕಳೆಯಲು ಹೋಗಿ ಸ್ಟ್ರೇ ತಂದುಕೊಂಡ ಹಾಗೆ.

ನೀವು ಮೊದಲು ಮಾಡಬೇಕಾದ್ದು ಅಗ್ಗದ ಕೆಲಸಗಳು. ಬ್ಯಾಫಲ್ ಮತ್ತು ಶೆಲ್ ನಡುವಿನ ಸಂದಿ ನೋಡಿ: ರೂಟ್ ಅಗಲ, ಏರ್‌ಫಾಯಿಲ್ ಕಿರಿದು, ಬ್ಯಾಫಲ್ ತೂತು ರೂಟ್ ಹಾಯುವಷ್ಟು ದೊಡ್ಡದಿರಬೇಕು, ಆದ್ದರಿಂದ ಬೇರೆ ಎಡೆಯಲ್ಲಿ ಬಿಸಿ ಸೋರುತ್ತದೆ. ಗ್ರಾಫೈಟ್ ಫೆಲ್ಟ್‌ನ ಅಂಚನ್ನು ಬಾಚಣಿಗೆಯಂತೆ ಸೀಳಿ ಶೆಲ್‌ಗೆ ತಾಗುವಂತೆ ಇಡಿ. ಶೆಲ್‌ನ ದಪ್ಪ ಮೂಲೆಗಳಲ್ಲಿ ಒಂದೇ ಸಮ ಇದೆಯೇ ಎಂದು ಒಡೆದ ತುಂಡುಗಳನ್ನು ಅಳೆಯಿರಿ. ಒಂದು ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಎರಕ ಹೊಯ್ಯುವ ಅಚ್ಚುಗಳ ಗುಂಪು) ಬ್ಲೇಡ್‌ಗಳು ವರ್ತುಲವಾಗಿದ್ದರೆ ಕುಲುಮೆಯ ಕಡೆಗಿನ ಮುಖ ಮತ್ತು ಒಳಗಿನ ಕಂಬದ ಕಡೆಗಿನ ಮುಖ ಬೇರೆಬೇರೆ ತಣಿಯುತ್ತವೆ. ಒಳಮುಖ ಇನ್ನೊಂದು ಬ್ಲೇಡಿನ ನೆರಳಿನಲ್ಲಿರುತ್ತದೆ. ಫ್ರೆಕಲ್ ಯಾವ ಮುಖದಲ್ಲಿ ಎಂದು ಗುರುತು ಹಾಕಿ ನಕ್ಷೆ ಮಾಡಿ. ಒಂದೇ ಮುಖದಲ್ಲಿ ಮರಳಿ ಮರಳಿ ಬಂದರೆ ಕ್ಲಸ್ಟರ್ ವಿನ್ಯಾಸದ ಕಡೆ ಮೊದಲು ನೋಡಿ, ಅಲಾಯ್ ಕಡೆ ಆಮೇಲೆ.

ಅಷ್ಟಕ್ಕೂ ಆಗದಿದ್ದರೆ ದ್ರವಲೋಹ ತಂಪು: ಶೆಲ್ ಅನ್ನು ಕರಗಿದ ತವರದಲ್ಲಿ ಇಳಿಸುವುದು. ತವರ 232 ಡಿಗ್ರಿಗೇ ಕರಗುತ್ತದೆ, ಮೇಲೆ ತೇಲುವ ಸೆರಾಮಿಕ್ ಮಣಿಗಳ ಪದರ ಬ್ಯಾಫಲ್ ಆಗಿ ಶೆಲ್‌ನ ಆಕಾರಕ್ಕೆ ತಾನೇ ಹೊಂದಿಕೊಳ್ಳುತ್ತದೆ. ದಪ್ಪ ಎರಕಗಳಲ್ಲಿ ಗ್ರೇಡಿಯೆಂಟ್ ಸುಮಾರು ಇಮ್ಮಡಿಯಾಗುವುದು ಇದರಿಂದಲೇ. ಶೆಲ್ ಬಿರುಕು ಬಿಟ್ಟರೆ ತವರ ಒಳನುಗ್ಗುತ್ತದೆ, ಬ್ಲೇಡ್ ಹೋಯಿತು.

ಎರಕದಬೆಳಗಾವಿ
ನಮ್ಮ ಕಡೆ ಗ್ರೇ ಐರನ್, ಎಸ್‌ಜಿ ಐರನ್ ಎರಕದಾಗ ಇದು ಯಾಕ ಕಾಣಂಗಿಲ್ರಿ? ಅಲ್ಲೂ ಡೆಂಡ್ರೈಟ್ ಇರ್ತಾವಲ್ಲ?

ದ್ರವಗತಿ
ಇರುತ್ತವೆ. ಆದರೆ ಪಂಪ್ ಹೌಸಿಂಗ್, ವಾಲ್ವ್ ಬಾಡಿ ಥರದ ಎರಕ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ, ಶಾಖವೂ ಎಲ್ಲ ಕಡೆಯಿಂದ ಹೋಗುತ್ತದೆ. ಕಾಲುವೆ ಕೊರೆಯಲು ಹರಿವಿಗೆ ಸಮಯವೂ ಇಲ್ಲ, ಉದ್ದವಾದ ದಾರಿಯೂ ಇಲ್ಲ. ಇದರ ಅಣ್ಣನನ್ನು ನೋಡಬೇಕೆಂದರೆ ಹತ್ತಾರು ಟನ್ನಿನ ಉಕ್ಕಿನ ಇಂಗಾಟ್ ಕತ್ತರಿಸಬೇಕು. ಬ್ರೋಮೈಡ್ ಕಾಗದವನ್ನು ತೆಳು ಗಂಧಕಾಮ್ಲದಲ್ಲಿ ನೆನೆಸಿ ನುಣುಪು ಮಾಡಿದ ಮೈಗೆ ಒತ್ತಿದರೆ ಗಂಧಕ ಇರುವಲ್ಲಿ ಕಂದು ಗೆರೆ ಬೀಳುತ್ತದೆ. ಮೇಲಕ್ಕೆ ಹೋದಂತೆ ನಡುವಿನ ಕಡೆ ವಾಲುವ ಆ ಗೆರೆಗಳಿಗೇ ಎ-ಸೆಗ್ರಿಗೇಟ್ ಎನ್ನುವುದು. ಇಂಗಾಲ, ಗಂಧಕ, ರಂಜಕ ಸೇರಿದ ಹಗುರ ದ್ರವ ಏರಿದ ದಾರಿ. ಸಿಲಿಕಾನ್ ಕೂಡ ದ್ರವವನ್ನು ಹಗುರ ಮಾಡುತ್ತದೆ. ಅದಕ್ಕೇ ದೊಡ್ಡ ರೋಟರ್ ಫೋರ್ಜಿಂಗ್‌ಗಳಿಗೆ ಸಿಲಿಕಾನ್ ಇಳಿಸಿ, ನಿರ್ವಾತದಲ್ಲಿ ಇಂಗಾಲದಿಂದಲೇ ಆಮ್ಲಜನಕ ತೆಗೆಯುವ ವಿಧಾನ ಬಂದದ್ದು. ಮಾಲಿಬ್ಡಿನಂ ದ್ರವವನ್ನು ಭಾರ ಮಾಡಿ ಎದುರು ಕೆಲಸ ಮಾಡುತ್ತದೆ.

ಎರಕದಬೆಳಗಾವಿ
ಗೊತ್ತಾತ್ರಿ. ಅಂದ್ರ ದ್ರವ ಹಗುರ ಆಗ್ತದೋ ಭಾರ ಆಗ್ತದೋ ಅನ್ನೂದ ಮೊದಲ ನೋಡಬೇಕು.

ರಿಮೆಲ್ಟ್
ಹೌದು, ಮತ್ತು ಚಿಹ್ನೆ ತಿರುಗಿದರೂ (ದ್ರವ ಭಾರವಾದರೂ) ಫ್ರೆಕಲ್ ಬರುತ್ತದೆ, ಜಾಗ ಬದಲಾಗುತ್ತದೆ ಅಷ್ಟೆ. ಡಿಸ್ಕ್ ಅಲಾಯ್ 718ರಲ್ಲಿ ನಯೋಬಿಯಂ 5 %ರ ಆಸುಪಾಸು. ಅದು ಸಂದಿಯ ದ್ರವಕ್ಕೆ ಹೋಗುತ್ತದೆ, ದ್ರವ ಭಾರವಾಗುತ್ತದೆ. ವ್ಯಾಕ್ಯೂಮ್ ಆರ್ಕ್ ರಿಮೆಲ್ಟಿಂಗ್‌ನಲ್ಲಿ (ನಿರ್ವಾತದಲ್ಲಿ ವಿದ್ಯುತ್ ಚಾಪದಿಂದ ಮರುಕರಗಿಸುವುದು) ಕರಗಿದ ಕೊಳದ ತಳ ಬೋಗುಣಿಯಾಕಾರ. ಭಾರದ ದ್ರವ ಆ ಇಳಿಜಾರಿನ ಅರೆಗಟ್ಟಿ ಪದರದೊಳಗೆ ಕೆಳಕ್ಕೆ ಜಾರುತ್ತದೆ. ಹಾಗಾಗಿ ಫ್ರೆಕಲ್ ಸಿಗುವುದು ಹೊರಮೈಯಲ್ಲಲ್ಲ, ಹೆಚ್ಚಾಗಿ ಅರ್ಧ ತ್ರಿಜ್ಯದ ಹತ್ತಿರ. ಕೊಳ ಆಳವಾದಷ್ಟೂ ಇಳಿಜಾರು ಕಡಿದು. ಕರಗಿಸುವ ದರ ಇಳಿಸಿದರೆ ಕೊಳ ಚಪ್ಪಟೆಯಾಗುತ್ತದೆ, ಇಂಗಾಟ್ ಕುಗ್ಗಿ ಕ್ರೂಸಿಬಲ್‌ನಿಂದ ಬಿಟ್ಟ ಸಂದಿಗೆ ಹೀಲಿಯಂ ಬಿಟ್ಟರೆ ಶಾಖ ಬೇಗ ಹೋಗುತ್ತದೆ. ಆದರೆ ದರ ತೀರ ಇಳಿಸಿದರೆ ವೈಟ್ ಸ್ಪಾಟ್: ಮೇಲಿನಿಂದ ಬಿದ್ದ ನಯೋಬಿಯಂ ಕಡಿಮೆ ಇರುವ ತುಂಡು ಕರಗದೆ ಉಳಿಯುವುದು. ಎರಡರ ನಡುವಿನ ಕಿಟಕಿ ಕಿರಿದು, ವ್ಯಾಸ ಹೆಚ್ಚಿದಷ್ಟೂ ಇನ್ನೂ ಕಿರಿದು. ದೊಡ್ಡ ಗ್ಯಾಸ್ ಟರ್ಬೈನ್ ಡಿಸ್ಕ್‌ಗಳಿಗೆ ನಯೋಬಿಯಂ ಸುಮಾರು 3 % ಇರುವ 706 ಅನ್ನು ಆರಿಸಲು ಒಂದು ಕಾರಣ ಇದೇ.

ಲೆಕ್ಕಿಗ
ಇದೇ ತರ್ಕ ಬ್ಲೇಡ್ ಅಲಾಯ್‌ಗೂ ಹೊಂದುತ್ತದೆ. ಸಿಎಂಎಸ್‌ಎಕ್ಸ್-4ರಲ್ಲಿ ರೀನಿಯಂ 3, ಟಂಗ್‌ಸ್ಟನ್ 6, ಟ್ಯಾಂಟಲಂ 6.5, ಅಲ್ಯೂಮಿನಿಯಂ 5.6 %. ಮೂರನೇ ತಲೆಮಾರಿನ ಸಿಎಂಎಸ್‌ಎಕ್ಸ್-10ರಲ್ಲಿ ರೀನಿಯಂ 6 %. ರೀನಿಯಂ ಇಮ್ಮಡಿಸಿದರೆ ಕ್ರೀಪ್ ಬಲ (ಬಿಸಿಯಲ್ಲಿ ಹೊರೆಗೆ ನಿಧಾನವಾಗಿ ಹಿಗ್ಗದ ಗುಣ) ಏರುತ್ತದೆ, ಸಂದಿಯ ದ್ರವ ಇನ್ನೂ ಹಗುರವಾಗುತ್ತದೆ. ಟ್ಯಾಂಟಲಂ ಮಾತ್ರ ಭಾರವೂ ಹೌದು, ದ್ರವಕ್ಕೆ ಹೋಗುವುದೂ ಹೌದು; ಹಾಗಾಗಿ ಅದು ತಕ್ಕಡಿಯ ಇನ್ನೊಂದು ತಟ್ಟೆ. ಸಿಎಂಎಸ್‌ಎಕ್ಸ್-10ರಲ್ಲಿ ಟ್ಯಾಂಟಲಂ 8 % ಇರುವುದನ್ನು ಗಮನಿಸಿ. ಇಂಗಾಲವನ್ನು 0.05 %ರ ಆಸುಪಾಸಿಗೆ ಸೇರಿಸಿದರೆ ಫ್ರೆಕಲ್ ಕಡಿಮೆಯಾಗುತ್ತದೆ ಎಂದು ಟಿನ್ ಮತ್ತು ಪೊಲಾಕ್ ತೋರಿಸಿದ್ದಾರೆ. ಆದರೆ ಕಾರ್ಬೈಡ್ ಹೆಚ್ಚಾದರೆ ದಣಿವಿನ ಬಿರುಕಿಗೆ ಅದೇ ಬಾಗಿಲು. ಬ್ಲೇಡ್ ವಿನ್ಯಾಸದವರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ.

ಗಾಜಿನತೊಟ್ಟಿ
ಮೂರನೇ ಪ್ರಶ್ನೆಗೆ ಬರೋಣ. ಅಮೋನಿಯಂ ಕ್ಲೋರೈಡ್ ಅಂದರೆ ನಮ್ಮ ನವಸಾಗರ, ಕಲಾಯಿಯವರು ಹಾಕುವುದೇ. ಅಂಗಡಿಯ ಗಡ್ಡೆ ಬೇಡ, ಲ್ಯಾಬ್ ದರ್ಜೆಯದು ತನ್ನಿ. ಇದು ಲೋಹದಂತೆ ಡೆಂಡ್ರೈಟ್ ಆಗಿ ಬೆಳೆಯುವ ಅಪರೂಪದ ಉಪ್ಪು.

28 % ದ್ರಾವಣ: 280 ಗ್ರಾಂ ನವಸಾಗರ, 720 ಗ್ರಾಂ ಕುದಿಸಿ ಗಾಳಿ ಕಳೆದ ಬಟ್ಟಿ ನೀರು. ಕರಗುವಾಗ ನೀರು ತಣ್ಣಗಾಗುತ್ತದೆ, ಆದ್ದರಿಂದ 45–50 ಡಿಗ್ರಿಗೆ ಬಿಸಿ ಮಾಡಿ ಕಲಕಿ. ಒಳ ಅಳತೆ 80 × 80 ಮಿ.ಮೀ., ಎತ್ತರ 150 ಮಿ.ಮೀ. ಇರುವ ಅಕ್ರಿಲಿಕ್ ತೊಟ್ಟಿ, ತಳಕ್ಕೆ ಲೋಹದ ತಟ್ಟೆ. ತಟ್ಟೆಯ ಕೆಳಗೆ ಮಂಜುಗಡ್ಡೆ–ಉಪ್ಪಿನ ಮಿಶ್ರಣ ಅಥವಾ ಗ್ಲೈಕಾಲ್ ಹರಿಸುವ ಚಿಲ್ಲರ್.

ಲೆಕ್ಕಿಗ
28 %ರ ಲಿಕ್ವಿಡಸ್ (ತಣಿಯುವಾಗ ಹರಳು ಶುರುವಾಗುವ ತಾಪ) ಸುಮಾರು 24 ಡಿಗ್ರಿ. ಬೆಂಗಳೂರಿನ ಕೋಣೆಯಲ್ಲಿ ಅದು ತೊಟ್ಟಿಯ ಗೋಡೆ, ಮೇಲ್ಮೈ ಎಲ್ಲೆಡೆ ಸ್ಫಟಿಕ ಬಿಡುತ್ತದೆ. 26 % ಮಾಡಿ: 260 ಗ್ರಾಂ ಉಪ್ಪು, 740 ಗ್ರಾಂ ನೀರು. ಲಿಕ್ವಿಡಸ್ ಸುಮಾರು 15 ಡಿಗ್ರಿಗೆ ಇಳಿಯುತ್ತದೆ, ಕೋಣೆಯ ತಾಪದಲ್ಲಿ ಪೂರ್ತಿ ದ್ರವ. ಯೂಟೆಕ್ಟಿಕ್ 19.7 %, ಮೈನಸ್ 15.4 ಡಿಗ್ರಿ.

ಸಾಂದ್ರತೆ: 20 ಡಿಗ್ರಿಯಲ್ಲಿ 26 % ದ್ರಾವಣ 1.073, 20 % ದ್ರಾವಣ 1.057. ಉಪ್ಪು ಕಳೆದುಕೊಂಡ ದ್ರವ 1.5 % ಹಗುರ. ಅದೇ ಹೊತ್ತಿಗೆ 30 ಡಿಗ್ರಿ ತಣಿದುದರಿಂದ ಸುಮಾರು 0.9 % ಭಾರ. ಸಂಯೋಜನೆಯೇ ಗೆದ್ದಿತು.

ಗಾಜಿನತೊಟ್ಟಿ
ಒಪ್ಪಿದೆ, 26 %ರಲ್ಲೇ ಮಾಡಿ. ಕೆಡುವ ಕಡೆಗಳು:

ತಳ ಮಟ್ಟವಾಗಿಲ್ಲದಿದ್ದರೆ ಎಲ್ಲ ಚಿಮಣಿ (ಹಗುರ ದ್ರವ ಮೇಲೇರುವ ಕಾಲುವೆ) ಒಂದು ಗೋಡೆಗೆ ಸೇರುತ್ತವೆ. ಸ್ಪಿರಿಟ್ ಲೆವೆಲ್ ಇಡಿ. ಪಕ್ಕದಿಂದ ಬಿಸಿ ಸೋರಿದರೂ ಹಾಗೇ. ನೋಡುವ ಎರಡು ಮುಖ ಬಿಟ್ಟು ಉಳಿದೆರಡಕ್ಕೆ ಥರ್ಮಾಕೋಲ್ ಅಂಟಿಸಿ. ಬಾಯಿ ತೆರೆದಿದ್ದರೆ ಆವಿಯಾಗಿ ಮೇಲ್ಮೈಯಲ್ಲಿ ಹರಳು ಹುಟ್ಟಿ ಮಳೆಯಂತೆ ಬಿದ್ದು ಕೆಳಗಿನ ಕಾಡನ್ನು ಮುಚ್ಚಿಬಿಡುತ್ತದೆ; ಮುಚ್ಚಳ ಹಾಕಿ. ತಾಮ್ರ, ಹಿತ್ತಾಳೆಯನ್ನು ಈ ಉಪ್ಪು ತಿನ್ನುತ್ತದೆ, ದ್ರಾವಣ ನೀಲಿಯಾಗುತ್ತದೆ. ತಟ್ಟೆಗೆ ತೆಳುವಾಗಿ ಎಪಾಕ್ಸಿ ಬಳಿಯಿರಿ. ಬ್ಲೀಚಿಂಗ್ ಪುಡಿ, ಕಾಸ್ಟಿಕ್ ಸೋಡಾ ಹತ್ತಿರ ತರಬೇಡಿ, ವಿಷಾನಿಲ ಬರುತ್ತದೆ.

ನೋಡಲು ಹಿಂದಿನಿಂದ ಒಂದೇ ಚುಕ್ಕೆಯ ಎಲ್‌ಇಡಿ ಬೆಳಕು, ಮುಂದೆ ಟ್ರೇಸಿಂಗ್ ಕಾಗದ. ವಕ್ರೀಭವನದ ವ್ಯತ್ಯಾಸದಿಂದ ಹರಿವು ನೆರಳಾಗಿ ಬೀಳುತ್ತದೆ. ಮೊದಲು ಕಾಣುವುದು ಮುಂಚೂಣಿಯ ತುಂಬ ಕೂದಲಿನಂಥ ಸಣ್ಣ ಬೆರಳುಗಳು, ಸ್ವಲ್ಪವೇ ಏರಿ ಚದುರುತ್ತವೆ. ಪದರ ದಪ್ಪವಾದ ಮೇಲೆ ಅವು ಸೊರಗಿ ಕೆಲವೇ ಕೆಲವು ಬಲವಾದ ಕಂಬಗಳು ಉಳಿಯುತ್ತವೆ, ತೊಟ್ಟಿಯ ಮೇಲ್ತುದಿವರೆಗೂ. ಪ್ರತಿ ಕಂಬದ ಬುಡದಲ್ಲಿ ಪುಟ್ಟ ಜ್ವಾಲಾಮುಖಿಯ ಬಾಯಿ.

ದ್ರವಗತಿ
ಆ ಎರಡು ಹಂತ ಎರಡು ಬೇರೆ ಅಸ್ಥಿರತೆಗಳು. ಬೆರಳುಗಳು ಮುಂಚೂಣಿಯ ತುದಿಯ ತೆಳು ಪದರದ್ದು, ಕಂಬಗಳು ಇಡೀ ಅರೆಗಟ್ಟಿ ಪದರದ್ದು. ವೂಸ್ಟರ್ 1990ರ ದಶಕದಲ್ಲಿ ಇವನ್ನು ಗಣಿತದಲ್ಲಿ ಬೇರ್ಪಡಿಸಿದರು. ಚಿಮಣಿ ಹುಟ್ಟುವುದು ಎಲ್ಲಿ ಎಂಬುದಕ್ಕೆ ಹೆಲವೆಲ್ ಮತ್ತು ಸಂಗಡಿಗರ ಪ್ರಯೋಗ ಚೆನ್ನಾಗಿದೆ: ಸಣ್ಣ ಕ್ಯಾಪಿಲರಿ ನಳಿಕೆಯಿಂದ ಮುಂಚೂಣಿಯ ತುದಿಯಲ್ಲಿ ದ್ರವವನ್ನು ಮೆಲ್ಲಗೆ ಹೀರಿದರೆ ಬೇಕಾದ ಜಾಗದಲ್ಲಿ ಚಿಮಣಿ ಹುಟ್ಟಿಸಬಹುದು. ನಿಮ್ಮ ವಿದ್ಯಾರ್ಥಿಗಳಿಂದ ಮಾಡಿಸಿ. ಅವರದೇ ಇನ್ನೊಂದು: ಅಚ್ಚನ್ನು 20–30 ಡಿಗ್ರಿ ವಾಲಿಸಿ ನಿಮಿಷಕ್ಕೆ ಐದು ಸುತ್ತಿಗಿಂತ ನಿಧಾನವಾಗಿ ತಿರುಗಿಸಿದರೆ ಚಿಮಣಿ ಬರುವುದಿಲ್ಲ, ಮುಂಚೂಣಿಯ ಮೇಲಿನ ದ್ರವ ಸರಿಯುತ್ತಲೇ ಇರುವುದರಿಂದ ಯಾವ ಕಂಬಕ್ಕೂ ನೆಲೆ ಸಿಗುವುದಿಲ್ಲ.

ಕುಲುಮೆಬಾಯಿ
ತುಂಬ ಉಪಯೋಗವಾಯಿತು, ಎಲ್ಲರಿಗೂ ಥ್ಯಾಂಕ್ಸ್. ಎರಡು ಕೊಸರು: ರೇಲೀ ಸಂಖ್ಯೆ 0.25 ದಾಟಿದರೆ ಫ್ರೆಕಲ್ ಎನ್ನುತ್ತಾರಲ್ಲ, ಅದನ್ನು ಸಿಮ್ಯುಲೇಶನ್‌ನಲ್ಲಿ ನೇರ ಬಳಸಬಹುದೇ? ಮತ್ತು ಫ್ರೆಕಲ್ ಬಂದ ಬ್ಲೇಡ್ ಅನ್ನು ಸಲ್ಯೂಷನ್ ಹೀಟ್ ಟ್ರೀಟ್‌ಮೆಂಟ್‌ನಲ್ಲಿ (ಹೆಚ್ಚು ತಾಪದಲ್ಲಿಟ್ಟು ಸಂಯೋಜನೆ ಸಮ ಮಾಡುವುದು) ಉಳಿಸಿಕೊಳ್ಳಬಹುದೇ?

ಲೆಕ್ಕಿಗ
0.25 ಬಂದದ್ದು ಬೆಕರ್ಮನ್, ಗು ಮತ್ತು ಬೋಟಿಂಗರ್ ಅವರ 2000ನೇ ಇಸವಿಯ ಲೇಖನದಿಂದ. ಆ ಸಂಖ್ಯೆ ಅವರ ವ್ಯಾಖ್ಯೆಗೆ ಅಂಟಿಕೊಂಡಿದೆ: ಪರ್ಮಿಯಬಿಲಿಟಿಗೆ 0.0006 ಗುಣಿಸು ಮೊದಲ ದರ್ಜೆ ಅಂತರದ ವರ್ಗ, ಗುಣಿಸು ದ್ರವಾಂಶದ ಘನ, ಭಾಗಿಸು ಘನಾಂಶದ ವರ್ಗ. ಡೆಂಡ್ರೈಟ್ ತುದಿಯಿಂದ ಅಳೆದ ಎತ್ತರದುದ್ದಕ್ಕೂ ಲೆಕ್ಕ ಹಾಕಿ ಸಿಗುವ ಗರಿಷ್ಠ ಬೆಲೆ. ನಿಮ್ಮ ಸಾಫ್ಟ್‌ವೇರ್ ಎತ್ತರದ ಬದಲು ವಿಸರಣಾಂಕವನ್ನು ವೇಗದಿಂದ ಭಾಗಿಸಿದ ಉದ್ದವನ್ನು ಹಾಕಿದ್ದರೆ ಮಿತಿಯೂ ಬೇರೆ, ನಾನು ಮೇಲೆ ಹೇಳಿದ ಘಾತಗಳೂ ಬೇರೆ. ಮುಂಚೂಣಿ ವಾಲಿದ್ದರೆ ಮಿತಿ 0.25ಕ್ಕಿಂತ ಕೆಳಗಿಳಿಯುತ್ತದೆ. ಸಂಖ್ಯೆಯನ್ನು ಹೋಲಿಕೆಗೆ ಬಳಸಿ: ಏರ್‌ಫಾಯಿಲ್‌ನಲ್ಲಿ ಎಷ್ಟು, ರೂಟ್‌ನ ಮೂಲೆಯಲ್ಲಿ ಎಷ್ಟು, ಬ್ಯಾಫಲ್ ಬದಲಿಸಿದ ಮೇಲೆ ಎಷ್ಟು. ಅಂತರವನ್ನು ಸೂತ್ರದಿಂದ ಊಹಿಸದೆ ಅಡ್ಡ ಕತ್ತರಿಸಿದ ತುಂಡಿನಲ್ಲಿ ಎಣಿಸಿ. ವರ್ಗ ಆಗುವುದರಿಂದ 400 ಮೈಕ್ರಾನ್ ಬದಲು 300 ಎಂದುಕೊಂಡರೆ ಪರ್ಮಿಯಬಿಲಿಟಿ 0.56 ಪಟ್ಟಿಗೆ ಬಂದು ಕೂರುತ್ತದೆ.

ಎಚಿಂಗ್‌ತಟ್ಟೆ
ಎರಡನೆಯದಕ್ಕೆ: ಉಳಿಸಲು ಆಗದು. ಫ್ರೆಕಲ್‌ನ ಅಗಲ ಮಿಲಿಮೀಟರ್ ಲೆಕ್ಕದ್ದು. ಡೆಂಡ್ರೈಟ್ ಸಂದಿಯ ಅಸಮತೆಯನ್ನು ಗಂಟೆಗಳಲ್ಲಿ ಸಮ ಮಾಡುವ ವಿಸರಣಕ್ಕೆ ಅಷ್ಟು ದೂರ ನಿಲುಕದು. ಯೂಟೆಕ್ಟಿಕ್ ಹೆಚ್ಚಿರುವ ಆ ಜಾಗ ಸಲ್ಯೂಷನ್ ತಾಪದಲ್ಲಿ ಮೊದಲೇ ಕರಗತೊಡಗಬಹುದು. ಸಂಯೋಜನೆ ಸಮವಾದರೂ ಗ್ರೇನ್ ಗಡಿಗಳು ಹಾಗೇ ಉಳಿಯುತ್ತವೆ, ಏಕಸ್ಫಟಿಕ ಅಲಾಯ್‌ನಲ್ಲಿ ಗಡಿಯನ್ನು ಬಿಗಿಯುವ ಬೋರಾನ್, ಜಿರ್ಕೋನಿಯಂ ಇರುವುದಿಲ್ಲ ಅಥವಾ ತೀರ ಕಡಿಮೆ. ಮಷಿನಿಂಗ್‌ನಲ್ಲಿ ಹೋಗುವ ಮೈ ಪದರದೊಳಗೇ ಫ್ರೆಕಲ್ ಮುಗಿಯುತ್ತದೆಯೇ ಎಂದು ನೋಡಿ. ರೂಟ್‌ನ ಫರ್-ಟ್ರೀ ಹಲ್ಲು ಕೊರೆಯುವಾಗ ಎಷ್ಟು ಮಿ.ಮೀ. ತೆಗೆಯುತ್ತಾರೆ ಎಂಬ ಡ್ರಾಯಿಂಗ್ ತೆಗೆದುಕೊಂಡು, ಒಂದು ತಿರಸ್ಕೃತ ಬ್ಲೇಡ್ ಅನ್ನು ಅರ್ಧರ್ಧ ಮಿ.ಮೀ. ಉಜ್ಜುತ್ತ, ಪ್ರತಿ ಸಲ ಮರು ಎಚ್ ಮಾಡಿ ಸಾಲು ಎಲ್ಲಿ ಮಾಯವಾಗುತ್ತದೆ ಎಂದು ಗುರುತು ಮಾಡಿ. ಆ ಆಳ ಡ್ರಾಯಿಂಗ್‌ನ ಅಳತೆಗಿಂತ ಹೆಚ್ಚಿದ್ದರೆ ಆ ಬ್ಲೇಡ್ ಸ್ಕ್ರ್ಯಾಪ್.